ಮುಳುಗದೆ ಉಳಿದ ಕಾಗದಗಳು

ಕ್ರಿ.ಶ. 1782ನೆಯ ಇಸವಿ ಏಪ್ರಿಲ್ 8ನೆಯ ತಾರೀಖು ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಎರಡು ಹಡಗುಗಳ ನಡುವೆ ಒಂದು ಕಾಳಗ ನಡೆಯಿತು. ಒಂದು ಇಂಗ್ಲಿಷರ ‘ಜನರಲ್ ಮಂಕ್’. ಇನ್ನೊಂದು, ಸ್ವಾತಂತ್ರ್ಯಕ್ಕಾಗಿ ಇಂಗ್ಲಿಷರ ಮೇಲೆ ತಿರುಗಿಬಿದ್ದಿದ್ದ ಪೆನ್ಸಿಲ್ವೇನಿಯಾ ರಾಜ್ಯದವರದು. ಅದು ಮೊದಲು ವ್ಯಾಪಾರದ ಹಡಗಾಗಿತ್ತು. ತೋಪುಗಳನ್ನು ಕೂಡಿಸಿ ಅವಸರದಲ್ಲಿ ಯುದ್ಧಕ್ಕೆ ಅಣಿಮಾಡಿದ್ದರು. ಅದರ ನಾಯಕ ಜೋಷುವಾ ಬಾರ್ನಿ ಎಂಬ ಇಪ್ಪತ್ತೆರಡು ವರ್ಷದ ತರುಣ. ವೈರಿಯ ಹಡಗು ತನ್ನದಕ್ಕಿಂತ ಬಲವಾದುದೆಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಅವನು ಚುಕ್ಕಾಣಿ ಹಿಡಿದವನಿಗೆ ಮೊದಲೇ ಗುಟ್ಟಾಗಿ ಹೇಳಿಟ್ಟನು: “ನಾನು ಕೂಗಿ ಹೇಳುವುದಕ್ಕೆ ವಿರುದ್ಧವಾಗಿ ತಿರುಗಿಸು.” ಹಡಗುಗಳು ಹತ್ತಿರ ಬಂದಾಗ ಬಾರ್ನಿ ವೈರಿಗೂ ಕೇಳುವಂತೆ ಗಟ್ಟಿಯಾಗಿ ಅಪ್ಪಣೆ ಕೊಟ್ಟನು. ಇಂಗ್ಲಿಷ್ ಹಡಗು ಅದನ್ನು ನಂಬಿ ತಿರುಗಿತು. ಅಮೆರಿಕದ ಹಡಗಿಗೆ ಸಿಕ್ಕಿಹಾಕಿಕೊಂಡಿತು. ಅರ್ಧ ಗಂಟೆಯೊಳಗೆ ಕಾಳಗ ಮುಗಿದು ಜನರಲ್ ಮಂಕ್ ಸೆರೆಯಾಯಿತು.

ಗೆದ್ದ ಹಡಗಿನ ಹೆಸರು ‘ಹೈದರ್ ಅಲಿ’. ಹೌದು, ನಮ್ಮ ಮೈಸೂರಿನ ಹೈದರಾಲಿಯ ಹೆಸರೇ ಅದು.

ಸಾವಿರಾರು ಮೈಲಿ ದೂರದ, ಕನ್ನಡ ನಾಡನ್ನು ಕಣ್ಣಿನಿಂದ ಕಂಡಿರದ ಜನರು ತಮ್ಮ ಹಡಗಿಗೆ ಈ ಹೆಸರನ್ನು ಏಕೆ ಇಟ್ಟರು? ಕಾರಣ ಸರಳವಾದುದು. 1775ರಿಂದ ಅಮೆರಿಕದವರು ಇಂಗ್ಲೆಂಡಿನ ವಿರುದ್ಧ ಕಾದಾಡುತ್ತಿದ್ದರು. 1780ರಲ್ಲಿ ಹೈದರಾಲಿಯು ಕರ್ನಾಟಕದ ಘಟ್ಟವನ್ನಿಳಿದು ಆರ್ಕಾಟಿನ ಸೀಮೆಗೆ ನುಗ್ಗಿ, ಅದೇ ವರ್ಷ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯವನ್ನು ನಿರ್ನಾಮ ಮಾಡಿದನು. ವೈರಿಯ ವೈರಿ ತನಗೆ ನೆಂಟ ಎಂಬ ಲೆಕ್ಕ ಎಲ್ಲ ದೇಶಗಳಲ್ಲಿಯೂ ಒಂದೇ. ಫ್ರೆಂಚರು ಇಬ್ಬರಿಗೂ ಮಿತ್ರರಾಗಿದ್ದುದು ಈ ನೆಂಟಸ್ತಿಕೆಯನ್ನು ಇನ್ನಷ್ಟು ಹತ್ತಿರ ಮಾಡಿತು. ಫಿಲಿಪ್ ಫ್ರೆನೋ ಎಂಬ ಅಮೆರಿಕದ ಕವಿ ಈ ಹಡಗಿನ ಮೇಲೆ ಪದ್ಯ ಕಟ್ಟಿದನು. ಹೈದರಾಲಿಯಾದರೋ ಅದೇ 1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ತೀರಿಕೊಂಡನು.

ಈ ಸಂಗತಿಗಳೆಲ್ಲ ನಮಗೆ ತಿಳಿದಿರುವುದು ಹೇಗೆ? ಆಗಿನವರು ಬರೆದ ಕಾಗದಗಳನ್ನೂ ವರದಿಗಳನ್ನೂ ವೃತ್ತಪತ್ರಿಕೆಗಳನ್ನೂ ಯಾರೋ ಒಬ್ಬರು ಎಸೆಯದೆ ಇಟ್ಟುದರಿಂದ. ಹೀಗೆ ಇಟ್ಟ ಕಾಗದಗಳ ಮನೆಗೆ ಪತ್ರಾಗಾರ ಎಂದು ಹೆಸರು. ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಹಿರಿಯರಿಗೆ ದಫ್ತರಖಾನೆ ಎಂದರೆ ಬೇಗ ತಿಳಿಯುತ್ತದೆ.

ಗ್ರಂಥಾಲಯ ಬೇರೆ, ಪತ್ರಾಗಾರ ಬೇರೆ. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಒಂದು ಪುಸ್ತಕ ಕಳೆದುಹೋದರೆ ಅಂಗಡಿಯಿಂದ ಇನ್ನೊಂದನ್ನು ತರಿಸಬಹುದು. ಅಚ್ಚಾದ ಪುಸ್ತಕಕ್ಕೆ ಸಾವಿರ ಮಂದಿ ಅಣ್ಣತಮ್ಮಂದಿರು ಇರುತ್ತಾರೆ. ಕಾಗದಕ್ಕೆ ಹಾಗಲ್ಲ, ಅದು ಒಂಟಿ. ಒಬ್ಬನು ಒಂದು ದಿನ ಒಬ್ಬನಿಗೆ ಬರೆದುದು ಒಂದೇ ಹಾಳೆ. ಅದು ಹೋದರೆ ಹೋಯಿತು. ಇನ್ನೊಂದು ಭೇದವೂ ಉಂಟು. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯಕ್ಕೆ ತಕ್ಕಂತೆ ಬಿಡಿಸಿ ಜೋಡಿಸುತ್ತಾರೆ. ಪತ್ರಾಗಾರದಲ್ಲಿ ಹಾಗೆ ಬಿಡಿಸಬಾರದು. ಒಂದು ಕಚೇರಿಯಿಂದ ಅಥವಾ ಒಂದು ಮನೆತನದಿಂದ ಬಂದ ಕಾಗದಗಳನ್ನು ಅವು ಯಾವ ಕ್ರಮದಲ್ಲಿ ಇದ್ದವೋ ಅದೇ ಕ್ರಮದಲ್ಲಿ ಇಡಬೇಕು. ಏಕೆಂದರೆ ಒಂದು ಕಾಗದದ ಅರ್ಥ ಎಷ್ಟೋ ವೇಳೆ ಅದರ ಹಿಂದಿನ ಮತ್ತು ಮುಂದಿನ ಕಾಗದದಲ್ಲಿ ಇರುತ್ತದೆ.

ಒಂದು ಕಾಗದದಿಂದ ಏನೇನಾಗಬಹುದು ಎಂಬುದಕ್ಕೆ ಹೆನ್ರಿ ಲಾರೆನ್ಸನ ಕಥೆಗಿಂತ ಸ್ವಾರಸ್ಯವಾದುದು ನಮಗೆ ತಿಳಿದ ಮಟ್ಟಿಗೆ ಬೇರೊಂದಿಲ್ಲ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

ಆಗಿನ ಕಾಲದಲ್ಲಿ ಸಮುದ್ರದಾಚೆಗೆ ಕಾಗದ ಕಳಿಸುವುದೆಂದರೆ ಜೂಜಾಡಿದಂತೆ. ಹಡಗು ಮುಳುಗಬಹುದು, ವೈರಿ ಹಿಡಿಯಬಹುದು. ಅದಕ್ಕಾಗಿ ಅಮೆರಿಕದ ರಾಯಭಾರಿಗಳು ಒಂದೇ ಕಾಗದವನ್ನು ಮೂರು ನಾಲ್ಕು ಪ್ರತಿ ಮಾಡಿ ಬೇರೆ ಬೇರೆ ಹಡಗುಗಳಲ್ಲಿ ಕಳಿಸುತ್ತಿದ್ದರು. ವೈರಿಯ ಹಡಗು ಕಂಡರೆ ಕಾಗದದ ಚೀಲಕ್ಕೆ ಭಾರ ಕಟ್ಟಿ ನೀರಿಗೆ ಎಸೆಯಬೇಕೆಂದು ಹಡಗಿನ ಯಜಮಾನನಿಗೆ ಅಪ್ಪಣೆ ಇರುತ್ತಿತ್ತು.

ಲಾರೆನ್ಸನು ದಕ್ಷಿಣ ಕ್ಯಾರೊಲಿನಾದವನು. ಅಮೆರಿಕದ ಕಾಂಗ್ರೆಸ್ ಸಭೆಗೆ ಒಮ್ಮೆ ಅಧ್ಯಕ್ಷನಾಗಿದ್ದವನು. ಹಾಲೆಂಡಿನಿಂದ ಸಾಲ ತರಲೆಂದು 1780ರ ಆಗಸ್ಟಿನಲ್ಲಿ ‘ಮರ್ಕ್ಯುರಿ’ ಎಂಬ ಹಡಗು ಹತ್ತಿದನು. ಸೆಪ್ಟೆಂಬರ್ 3ರಂದು ನ್ಯೂಫೌಂಡ್‌ಲೆಂಡಿನ ಹತ್ತಿರ ‘ವೆಸ್ಟಲ್’ ಎಂಬ ಇಂಗ್ಲಿಷ್ ಯುದ್ಧನೌಕೆ ಅವರನ್ನು ಅಟ್ಟಿಕೊಂಡು ಬಂತು. ಕಾಗದಗಳನ್ನು ಚೀಲದಲ್ಲಿ ತುಂಬಿ, ಗುಂಡುಗಳನ್ನು ಹಾಕಿ, ನೀರಿಗೆ ಎಸೆದರು. ಭಾರ ಸಾಲಲಿಲ್ಲ. ಚೀಲದೊಳಗೆ ಗಾಳಿ ಉಳಿದಿತ್ತು. ಅದು ಮುಳುಗದೆ ತೇಲತೊಡಗಿತು. ಇಂಗ್ಲಿಷ್ ನಾವಿಕರು ಕೊಕ್ಕೆ ಹಾಕಿ ಮೇಲೆತ್ತಿದರು.

ಒದ್ದೆಯಾದ ಆ ಕಾಗದಗಳಲ್ಲಿ ಅಮೆರಿಕಕ್ಕೂ ಹಾಲೆಂಡಿಗೂ ನಡುವೆ ಆಗಬಹುದಾಗಿದ್ದ ಒಂದು ಒಪ್ಪಂದದ ಕರಡು ಇತ್ತು. ಅದು 1778ರಲ್ಲಿ ಅಮೆರಿಕದ ವಿಲಿಯಂ ಲೀ ಎಂಬವನೂ ಆಮ್‌ಸ್ಟರ್‌ಡ್ಯಾಮಿನ ಒಬ್ಬ ಸಾಹುಕಾರನೂ ಸೇರಿ ಬರೆದದ್ದು. ಅದಕ್ಕೆ ಎರಡು ಸರಕಾರಗಳ ಒಪ್ಪಿಗೆಯೂ ಇರಲಿಲ್ಲ. ಆದರೆ ಡಚ್ಚರು ಅಮೆರಿಕದೊಡನೆ ವ್ಯಾಪಾರ ಮಾಡುತ್ತಿದ್ದುದರಿಂದ ಇಂಗ್ಲೆಂಡಿಗೆ ಮೊದಲೇ ಸಿಟ್ಟಿತ್ತು. ನೆಪ ಬೇಕಾಗಿತ್ತು, ನೆಪ ಕೈಗೆ ತೇಲಿ ಬಂತು. 1780ರ ಡಿಸೆಂಬರ್ 20ರಂದು ಇಂಗ್ಲೆಂಡು ಹಾಲೆಂಡಿನ ಮೇಲೆ ಯುದ್ಧ ಸಾರಿತು.

ಇಲ್ಲಿಂದ ಮುಂದಕ್ಕೆ ಕಥೆ ನಮ್ಮ ಕಡೆಗೆ ತಿರುಗುತ್ತದೆ. ಡಚ್ಚರಿಗೆ ಆಗ ತಮಿಳು ಕರಾವಳಿಯ ನಾಗಪಟ್ಟಣದಲ್ಲಿ ಕೋಟೆಯಿತ್ತು, ಸಿಂಹಳದಲ್ಲಿ ತ್ರಿಂಕೋಮಲಿಯಿತ್ತು. ಯುರೋಪಿನಲ್ಲಿ ಯುದ್ಧವೆಂದ ಮೇಲೆ ಇಲ್ಲಿಯೂ ಯುದ್ಧವೇ. ನಾಗಪಟ್ಟಣದ ಡಚ್ಚರು ಹೈದರಾಲಿಯ ಸಹಾಯ ಬೇಡಿದರು; ಅವನ ಸೈನಿಕರು ಅಲ್ಲಿಗೆ ಹೋಗಿ ಕಾದಿದರು. ಆದರೂ 1781ರ ನವೆಂಬರಿನಲ್ಲಿ ನಾಗಪಟ್ಟಣ ಇಂಗ್ಲಿಷರ ವಶವಾಯಿತು. ಮುಂದಿನ ಜನವರಿಯಲ್ಲಿ ತ್ರಿಂಕೋಮಲಿಯೂ ಹೋಯಿತು. ಅದನ್ನು ಆಗಸ್ಟಿನಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರೆನನು ಮರಳಿ ಗೆದ್ದನು. ಉತ್ತರ ಅಟ್ಲಾಂಟಿಕ್ ಸಮುದ್ರದಲ್ಲಿ ಒಂದು ಚೀಲಕ್ಕೆ ಇನ್ನೆರಡು ಗುಂಡು ಹೆಚ್ಚಿಗೆ ಹಾಕಿದ್ದರೆ ಇವೆಲ್ಲ ನಡೆಯುತ್ತಲೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಯುದ್ಧಗಳಿಗೆ ಕಾರಣ ಯಾವಾಗಲೂ ಒಂದಕ್ಕಿಂತ ಹೆಚ್ಚು. ಆದರೆ ಹೈದರಾಲಿಯ ಸೈನಿಕರು ನಾಗಪಟ್ಟಣದ ಕೋಟೆಯ ಬಳಿ ನಿಂತದ್ದಕ್ಕೆ ಆ ಕಾಗದದ ಚೀಲವೂ ಒಂದು ಕಾರಣವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಲಾರೆನ್ಸನ ಗತಿ ಏನಾಯಿತು? ಅವನನ್ನು ಲಂಡನ್ನಿನ ಗೋಪುರದಲ್ಲಿ ಸೆರೆಯಿಟ್ಟರು. 1781ರ ಡಿಸೆಂಬರ್ ಕೊನೆಯ ದಿನ ಬಿಡುಗಡೆಯಾಯಿತು. ಕೈದಿಗಳನ್ನು ಅದಲು ಬದಲು ಮಾಡಿಕೊಳ್ಳುವ ಲೆಕ್ಕದಲ್ಲಿ ಅವನಿಗೆ ಸರಿಯಾಗಿ ಎಣಿಸಿದ್ದು ಯಾರನ್ನು ಗೊತ್ತೆ? ಅದೇ ವರ್ಷ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಶರಣಾಗಿದ್ದ ಲಾರ್ಡ್ ಕಾರ್ನ್‌ವಾಲಿಸನನ್ನು. ಈ ಕಾರ್ನ್‌ವಾಲಿಸನ ಹೆಸರನ್ನು ನೀವು ಚರಿತ್ರೆಯ ಪಾಠದಲ್ಲಿ ಓದಿಯೇ ಇದ್ದೀರಿ. ಅಮೆರಿಕದಲ್ಲಿ ಸೋತವನು 1786ರಲ್ಲಿ ಗವರ್ನರ್ ಜನರಲ್ಲಾಗಿ ಭಾರತಕ್ಕೆ ಬಂದನು. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದನು. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯ ದಂಡವನ್ನೂ ಒತ್ತೆಯಾಗಿ ಇಬ್ಬರು ಚಿಕ್ಕ ಮಕ್ಕಳನ್ನೂ ಪಡೆದನು. ಆ ಯುದ್ಧದಲ್ಲಿ ಅವನ ಜೊತೆಗೆ ಇದ್ದವರು ಮರಾಠರು ಮತ್ತು ಹೈದರಾಬಾದಿನ ನಿಜಾಮ ಅಲಿಖಾನ್. ಕೊಪ್ಪಳ, ಕಡಪೆ ಮೊದಲಾದ ಸೀಮೆಗಳು ನಿಜಾಮನ ಪಾಲಿಗೆ ಬಂದವು. ನಮ್ಮ ನಾರಾಯಣಪೇಟೆಯೂ ಆಗ ಅದೇ ನಿಜಾಮನ ಆಳ್ವಿಕೆಯಲ್ಲಿತ್ತು. ಅಮೆರಿಕದ ಚರಿತ್ರೆ ನಮಗೇಕೆ ಎಂದು ಕೇಳುವವರಿಗೆ ಇದೇ ಉತ್ತರ.

ಲಾರೆನ್ಸನು ಕೆಲಸ ಪೂರೈಸದೆ ಸೆರೆಯಾದ್ದರಿಂದ ಹಾಲೆಂಡಿನ ಕಾರ್ಯ ಜಾನ್ ಆಡಮ್ಸನ ಪಾಲಿಗೆ ಬಂತು. ಇವನು ಮುಂದೆ ಅಮೆರಿಕದ ಎರಡನೆಯ ರಾಷ್ಟ್ರಾಧ್ಯಕ್ಷನಾದನು. ಅವನು ಹಾಲೆಂಡಿನಿಂದ ತನ್ನ ಕಾಂಗ್ರೆಸ್ಸಿಗೆ ಬರೆದ ವರದಿಗಳಲ್ಲಿ ಹೈದರಾಲಿಯ ಸುದ್ದಿ ಬರುತ್ತದೆ. ಆಡಮ್ಸನು ತಾನು ಬರೆದ ಪತ್ರಗಳ ನಕಲನ್ನು ಪುಸ್ತಕಗಳಲ್ಲಿ ಇಳಿಸಿಡುತ್ತಿದ್ದನು. ಹೆಂಡತಿ ಅಬಿಗೇಲಳಿಗೂ ಅವನಿಗೂ ನಡುವೆ ನಡೆದ ಪತ್ರವ್ಯವಹಾರದಲ್ಲಿ ಸಾವಿರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಮೂರು ತಲೆಮಾರು ಆ ಮನೆಯವರು ಒಂದು ಚೀಟಿಯನ್ನೂ ಎಸೆಯಲಿಲ್ಲ. 1956ರಲ್ಲಿ ಮನೆತನದವರು ಎಲ್ಲವನ್ನೂ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಚಾರಿತ್ರಿಕ ಸಂಘಕ್ಕೆ ದಾನವಾಗಿ ಕೊಟ್ಟರು. ಅದನ್ನು ಮೈಕ್ರೋಫಿಲ್ಮ್ ಮಾಡಿದಾಗ 608 ಸುರುಳಿಗಳಾದವು.

ಮೂರನೆಯ ರಾಷ್ಟ್ರಾಧ್ಯಕ್ಷ ಥಾಮಸ್ ಜೆಫರ್ಸನ್ ಇನ್ನೂ ಶಿಸ್ತಿನವನು. ತನಗೆ ಬಂದ ಪತ್ರ, ತಾನು ಬರೆದ ಪತ್ರ, ಎಲ್ಲಕ್ಕೂ ತಾರೀಖು ಸಹಿತ ಒಂದು ವಹಿಯಲ್ಲಿ ಲೆಕ್ಕ ಇಟ್ಟಿದ್ದನು. 1783ರಿಂದ 1826ರಲ್ಲಿ ಸಾಯುವವರೆಗೆ ಈ ಲೆಕ್ಕ ನಡೆಯಿತು. ನಮ್ಮ ಪೇಟೆಯ ಸೀರೆ ವ್ಯಾಪಾರಿಗಳು ಜಮಾ ಖರ್ಚು ಬರೆಯುವ ಹಾಗೆ ಅವನು ಕಾಗದಗಳ ಜಮಾ ಖರ್ಚು ಬರೆದನೆನ್ನಬಹುದು. ಅವನು ಬರೆದ ಪತ್ರಗಳೇ ಹದಿನೆಂಟು ಸಾವಿರದಷ್ಟೆಂದು ಅಂದಾಜು.

ಕಾರ್ಬನ್ ಕಾಗದವಾಗಲಿ ಜೆರಾಕ್ಸ್ ಆಗಲಿ ಇಲ್ಲದ ಕಾಲದಲ್ಲಿ ನಕಲು ತೆಗೆಯುತ್ತಿದ್ದ ಬಗೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕು. ಉಗಿಯಂತ್ರದ ಜೇಮ್ಸ್ ವಾಟ್ 1780ರಲ್ಲಿ ಒಂದು ನಕಲು ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಅಂಟು ಹೆಚ್ಚಿರುವ ಶಾಯಿಯಲ್ಲಿ ಪತ್ರವನ್ನು ಬರೆಯುವುದು. ಅದು ಪೂರ್ತಿ ಆರುವ ಮೊದಲೇ ಒದ್ದೆಮಾಡಿದ ತೆಳ್ಳಗಿನ ಕಾಗದವನ್ನು ಅದರ ಮೇಲಿಟ್ಟು ಬಲವಾಗಿ ಒತ್ತುವುದು. ಶಾಯಿಯ ಒಂದು ಪಾಲು ತೆಳು ಕಾಗದಕ್ಕೆ ಅಂಟುತ್ತದೆ. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಮಗುಚಿ ಮೂಡುತ್ತವೆ. ಆದರೆ ಕಾಗದ ತೆಳುವಾದ್ದರಿಂದ ಹಿಂದುಗಡೆಯಿಂದ ನೋಡಿದರೆ ನೆಟ್ಟಗೆ ಓದಬಹುದು. ಜೆಫರ್ಸನನು 1785ರಿಂದ ಈ ಯಂತ್ರವನ್ನು ಬಳಸಿದನು. 1804ರಿಂದ ಪಾಲಿಗ್ರಾಫ್ ಎಂಬ ಇನ್ನೊಂದು ಉಪಕರಣ ಬಂತು. ಅದರಲ್ಲಿ ಎರಡು ಲೇಖನಿಗಳನ್ನು ಕೋಲುಗಳ ಚೌಕಟ್ಟಿನಿಂದ ಜೋಡಿಸಿರುತ್ತಾರೆ. ಒಂದನ್ನು ಹಿಡಿದು ಬರೆದರೆ ಇನ್ನೊಂದು ತಾನಾಗಿಯೇ ಪಕ್ಕದ ಹಾಳೆಯ ಮೇಲೆ ಹಾಗೆಯೇ ಬರೆಯುತ್ತದೆ. ಮನೆಪಾಠದ ಪುಸ್ತಕ ಬರೆಯಲು ಇಂಥದೊಂದು ಸಿಕ್ಕಿದ್ದರೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಆಸೆಯಾಗದಿರದು!

1788ರಲ್ಲಿ ಜೆಫರ್ಸನನು ಪ್ಯಾರಿಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದನು. ಆ ವರ್ಷ ಟಿಪ್ಪು ಸುಲ್ತಾನನು ಕಳಿಸಿದ ಮೂವರು ರಾಯಭಾರಿಗಳು ತೂಲೋನ್ ಬಂದರಿನಲ್ಲಿಳಿದು ಜುಲೈ ತಿಂಗಳಲ್ಲಿ ಪ್ಯಾರಿಸ್ ಸೇರಿದರು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರನ್ನು ದರ್ಬಾರಿನಲ್ಲಿ ಬರಮಾಡಿಕೊಂಡನು. ಟಿಪ್ಪುವಿಗೆ ಬೇಕಾಗಿದ್ದುದು ಫ್ರೆಂಚ್ ಸೈನ್ಯ. ಲೂಯಿಯ ಬೊಕ್ಕಸ ಬರಿದಾಗಿತ್ತು. ಮರುವರ್ಷವೇ ಫ್ರಾನ್ಸಿನ ಮಹಾಕ್ರಾಂತಿ. ಸೈನ್ಯದ ಬದಲು ಪಿಂಗಾಣಿ ಪಾತ್ರೆಗಳೂ ಗಿಡದ ಬೀಜಗಳೂ ಕುಶಲ ಕೆಲಸಗಾರರೂ ಸಿಕ್ಕರು. ಟಿಪ್ಪುವಿನ ರಾಯಭಾರಿಗಳು ಬಂದ ಸುದ್ದಿಯನ್ನು ಜೆಫರ್ಸನನು ತನ್ನ ಪತ್ರದಲ್ಲಿ ಬರೆದಿದ್ದಾನೆ. ಬರಿಯ ಆಡಂಬರವಲ್ಲದೆ ಬೇರೆ ಉದ್ದೇಶವಿದ್ದರೆ ಅದು ಇನ್ನೂ ಹೊರಬಿದ್ದಿಲ್ಲ ಎಂಬುದು ಅವನ ಮಾತಿನ ಸಾರಾಂಶ. ಒಂದೆರಡು ವಾಕ್ಯ ಮಾತ್ರ. ಆದರೆ ಶ್ರೀರಂಗಪಟ್ಟಣದಿಂದ ಹೊರಟವರನ್ನು ಅಮೆರಿಕದ ಭಾವೀ ರಾಷ್ಟ್ರಾಧ್ಯಕ್ಷನು ಹೇಗೆ ಕಂಡನೆಂಬುದಕ್ಕೆ ಆ ಒಂದೆರಡು ವಾಕ್ಯವೇ ಸಾಕ್ಷಿ. ಜೆಫರ್ಸನನ ಕಾಗದಗಳಲ್ಲಿ ಬಹುಪಾಲು ವಾಷಿಂಗ್ಟನ್ ನಗರದ ಕಾಂಗ್ರೆಸ್ ಗ್ರಂಥಾಲಯದಲ್ಲಿವೆ. ಈಗ ಅವುಗಳನ್ನು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು.

ಇಷ್ಟೆಲ್ಲ ಓದಿ, ಅಮೆರಿಕದವರು ಹುಟ್ಟಿನಿಂದಲೇ ಕಾಗದ ಕಾಯುವುದರಲ್ಲಿ ಜಾಣರೆಂದು ತಿಳಿಯಬೇಡಿರಿ. ಅವರ ಸ್ವಾತಂತ್ರ್ಯ ಘೋಷಣೆಯ ಮೂಲಪ್ರತಿ ಒಬ್ಬ ಗುಮಾಸ್ತನ ದೆಸೆಯಿಂದ ಉಳಿಯಿತು. 1814ರ ಆಗಸ್ಟಿನಲ್ಲಿ ಇಂಗ್ಲಿಷ್ ಸೈನ್ಯ ವಾಷಿಂಗ್ಟನ್ ನಗರದ ಕಡೆಗೆ ಬರುತ್ತಿದ್ದಾಗ ಸ್ಟೀಫನ್ ಪ್ಲೆಸಂಟನ್ ಎಂಬ ಗುಮಾಸ್ತನು ದಪ್ಪ ನಾರುಬಟ್ಟೆಯನ್ನು ತರಿಸಿ ಚೀಲಗಳನ್ನು ಹೊಲಿಸಿದನು. ಯುದ್ಧಮಂತ್ರಿಯು ಅದನ್ನು ಕಂಡು, ಸುಮ್ಮನೆ ಗಾಬರಿಯಾಗುತ್ತೀರಿ, ಇಂಗ್ಲಿಷರು ಇಲ್ಲಿಗೆ ಬರುವುದಿಲ್ಲ ಎಂದು ಆಕ್ಷೇಪಿಸಿದನು. ಗುಮಾಸ್ತನು ಕೇಳಲಿಲ್ಲ. ಸ್ವಾತಂತ್ರ್ಯ ಘೋಷಣೆ, ಸಂವಿಧಾನ, ವಾಷಿಂಗ್ಟನ್ನನ ಪತ್ರಗಳು, ಎಲ್ಲವನ್ನೂ ಚೀಲಗಳಲ್ಲಿ ತುಂಬಿ ಬಂಡಿಗಳಲ್ಲಿ ಹೇರಿ ನದಿಯಾಚೆ ಒಂದು ಹಿಟ್ಟಿನ ಗಿರಣಿಯಲ್ಲಿ ಅಡಗಿಸಿದನು. ಅದೂ ಸುರಕ್ಷಿತವಲ್ಲವೆನ್ನಿಸಿ ಮೂವತ್ತೈದು ಮೈಲಿ ದೂರದ ಲೀಸ್‌ಬರ್ಗ್ ಊರಿಗೆ ಸಾಗಿಸಿದನು. ಆಗಸ್ಟ್ 24ರ ರಾತ್ರಿ ಇಂಗ್ಲಿಷರು ವಾಷಿಂಗ್ಟನ್ನಿನ ಸರಕಾರಿ ಕಟ್ಟಡಗಳಿಗೆ ಬೆಂಕಿಯಿಟ್ಟರು. ಕಾಂಗ್ರೆಸ್ ಗ್ರಂಥಾಲಯ ಸುಟ್ಟು ಬೂದಿಯಾಯಿತು. ಮರುವರ್ಷ ಜೆಫರ್ಸನನು ತನ್ನ ಸ್ವಂತ 6,487 ಪುಸ್ತಕಗಳನ್ನು ಸರಕಾರಕ್ಕೆ ಮಾರಿದ ಮೇಲೆಯೇ ಅದು ಮತ್ತೆ ತಲೆಯೆತ್ತಿದ್ದು.

ವೈರಿಯ ಬೆಂಕಿಯಿಂದ ಪಾರಾದ ಘೋಷಣಾಪತ್ರವನ್ನು ಅಮೆರಿಕದವರೇ ಹಾಳುಮಾಡಿದರು. 1841ರಿಂದ ಮೂವತ್ತೈದು ವರ್ಷ ಅದನ್ನು ಒಂದು ಕಚೇರಿಯ ಗೋಡೆಗೆ, ಕಿಟಕಿಯ ಬೆಳಕು ಬೀಳುವಲ್ಲಿ, ಎಲ್ಲರೂ ನೋಡಲೆಂದು ತೂಗುಹಾಕಿದ್ದರು. ಚರ್ಮದ ಹಾಳೆಯ ಮೇಲಿನ ಶಾಯಿ ಬಿಸಿಲಿಗೆ ಮಾಸಿ, ಇಂದು ಸಹಿಗಳಲ್ಲಿ ಬಹಳಷ್ಟು ಕಣ್ಣಿಗೆ ಕಾಣುವುದೇ ಕಷ್ಟ. ಗೌರವಕ್ಕಾಗಿ ಗೋಡೆಗೆ ಹಾಕುವುದೂ ಒಂದು ಬಗೆಯ ನಾಶವೇ. ಅವರ ರಾಷ್ಟ್ರೀಯ ಪತ್ರಾಗಾರ ಸ್ಥಾಪನೆಯಾದದ್ದು 1934ರಲ್ಲಿ. ಅದಕ್ಕೆ ಮುಂಚೆ 1921ರಲ್ಲಿ ಬೆಂಕಿಬಿದ್ದು 1890ರ ಜನಗಣತಿಯ ಬಹುಪಾಲು ದಾಖಲೆ ಹೋಯಿತು. ಆಮೇಲೂ, 1973ರ ಜುಲೈಯಲ್ಲಿ ಸೇಂಟ್ ಲೂಯಿಸ್ ನಗರದ ದಾಖಲೆ ಕಟ್ಟಡಕ್ಕೆ ಬೆಂಕಿ ಹತ್ತಿ, ಒಂದೂವರೆ ಕೋಟಿಗೂ ಹೆಚ್ಚು ಸೈನಿಕರ ಸೇವಾಪತ್ರಗಳು ಸುಟ್ಟುಹೋದವು. ಪಿಂಚಣಿ ಕೇಳಬೇಕಾದವರು ತಾವು ಸೈನಿಕರಾಗಿದ್ದೆವೆಂದು ಸಾಬೀತುಮಾಡಲು ಒದ್ದಾಡಬೇಕಾಯಿತು.

ಇಲ್ಲಿ ಕಾಗದದ ಜಾತಿಯ ಬಗ್ಗೆ ಎರಡು ಮಾತು. ಇನ್ನೂರೈವತ್ತು ವರ್ಷ ಹಳೆಯ ಪತ್ರ ಗಟ್ಟಿಯಾಗಿದೆ. ನಿಮ್ಮ ತಂದೆಯವರ ಕಾಲದ ವೃತ್ತಪತ್ರಿಕೆ ಮುಟ್ಟಿದರೆ ಪುಡಿಯಾಗುತ್ತದೆ. ಏಕೆ? ಹಿಂದೆ ಕಾಗದವನ್ನು ಹತ್ತಿ, ನಾರಿನ ಹಳೆಯ ಬಟ್ಟೆಚಿಂದಿಗಳಿಂದ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮರದ ತಿರುಳಿನ ಅಗ್ಗದ ಕಾಗದ ಬಂತು. ಅದರಲ್ಲಿ ಉಳಿಯುವ ಆಮ್ಲ ಕಾಗದವನ್ನು ಒಳಗಿನಿಂದಲೇ ತಿನ್ನುತ್ತದೆ. ಕನ್ನಡದವರ ಹಳೆಯ ಉಪಾಯ ಬೇರೆಯೇ ಇತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಕಪ್ಪಾಗಿ ಗಟ್ಟಿಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಅದೇ ಕಡತ. ಲೆಕ್ಕ, ಮಠಮಾನ್ಯಗಳ ಉತ್ತಾರ ಎಲ್ಲವೂ ಅದರಲ್ಲೇ. ಬಟ್ಟೆ ಹೋಯಿತು, ಹೆಸರು ಉಳಿಯಿತು: ಇಂದು ಕರ್ನಾಟಕದ ಸರಕಾರಿ ಕಚೇರಿಗಳಲ್ಲಿ ಫೈಲಿಗೆ ಕಡತವೆಂದೇ ಹೇಳುತ್ತಾರೆ.

ಇನ್ನು ನಮ್ಮ ಕಾಗದಗಳು ಎಲ್ಲಿವೆ?

ಟಿಪ್ಪುವಿನ ಗ್ರಂಥಭಂಡಾರದಲ್ಲಿ ಸುಮಾರು ಎರಡು ಸಾವಿರ ಹಸ್ತಪ್ರತಿಗಳಿದ್ದವು. 1799ರ ಮೇ 4ರಂದು ಅವನು ಮಡಿದ ಮೇಲೆ ಅವು ಇಂಗ್ಲಿಷರ ಕೈಸೇರಿ ಚದುರಿಹೋದವು. ಅವನು ತನ್ನ ಕನಸುಗಳನ್ನು ಪಾರಸಿಯಲ್ಲಿ ಸ್ವಂತ ಕೈಯಿಂದ ಬರೆದಿಟ್ಟ ಪುಸ್ತಕ ಇಂದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಅದು ಲೂಟಿಯ ಮಾತಾಯಿತು. ತಾನಾಗಿ ಹೋದದ್ದೂ ಉಂಟು. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಕವಿ ಎ.ಕೆ. ರಾಮಾನುಜನ್ ಅವರು ಮೂವತ್ತು ವರ್ಷ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ 1993ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ದಿನಚರಿ, ಪತ್ರ, ಕವಿತೆಗಳ ಕರಡು, ವಚನಗಳ ಅನುವಾದದ ಟಿಪ್ಪಣಿಗಳು ಆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಕ್ರಮವಾಗಿವೆ. ಕನ್ನಡದ ಹುಡುಗನೊಬ್ಬನು ಅವರ ಮೇಲೆ ಸಂಶೋಧನೆ ಮಾಡಬೇಕಾದರೆ ಅಮೆರಿಕದ ಪತ್ರಾಗಾರದ ಬಾಗಿಲು ತಟ್ಟಬೇಕು. ದೂರವಾದರೂ ಅವು ಅಲ್ಲಿ ಸುರಕ್ಷಿತವಾಗಿವೆ ಎಂಬ ಸಮಾಧಾನ ನಮಗಿದೆ.

ನಮ್ಮ ಸೀಮೆಯ ಸರಕಾರಿ ದಾಖಲೆಗಳ ಮುಖ್ಯ ಮನೆ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರ. ನಿಜಾಮರ ಕಾಲದ ದಫ್ತರ್-ಎ-ದಿವಾನಿಯೇ ಬೆಳೆದು ಇದಾಯಿತು. ಮೊದಲು ಆಂಧ್ರಪ್ರದೇಶದ್ದು, 2014ರಿಂದ ತೆಲಂಗಾಣದ್ದು. ಷಹಜಹಾನ್ ಮತ್ತು ಔರಂಗಜೇಬರ ಕಾಲದ ಮೊಗಲ್ ದಾಖಲೆಗಳೇ ಅಲ್ಲಿ ಒಂದೂವರೆ ಲಕ್ಷದಷ್ಟಿವೆ. ಅವು ಪಾರಸಿಯ ಓಡುಬರಹದಲ್ಲಿವೆ, ಓದಬಲ್ಲವರು ಬೆರಳೆಣಿಕೆಯಷ್ಟು. 1880ರ ದಶಕದಲ್ಲಿ ಹೈದರಾಬಾದ್ ಸರಕಾರದ ಕಚೇರಿಯ ಭಾಷೆ ಪಾರಸಿಯಿಂದ ಉರ್ದುವಿಗೆ ಬದಲಾಯಿತು. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಆ ರಾಜ್ಯವೇ ಮೂರು ಭಾಗವಾಯಿತು. ರಾಯಚೂರು, ಗುಲ್ಬರ್ಗ, ಬೀದರ ಮೈಸೂರಿಗೆ ಹೋದವು. ಕೃಷ್ಣೆಯ ಈಚೆಯ ನಾವು ಕನ್ನಡ ಮಾತಾಡುತ್ತಲೇ ಆಂಧ್ರದಲ್ಲುಳಿದೆವು. ಆಡಮ್ಸನ ಮನೆಯವರು ಕಾಗದಗಳನ್ನು ಒಂದೇ ಕಡೆ ಸೇರಿಸಿದ ವರ್ಷವೇ ನಮ್ಮ ಸೀಮೆ ಹೀಗೆ ಹಂಚಿಹೋಯಿತು ಎಂಬುದು ಕಾಕತಾಳೀಯ.

ಇದರ ಫಲವಾಗಿ ನಮ್ಮ ಕಡೆಯ ಒಂದು ಹಳೆಯ ಮನೆಯ ಪೆಟ್ಟಿಗೆ ತೆರೆದರೆ ನಾಲ್ಕು ಭಾಷೆಯ ಕಾಗದ ಹೊರಬರುತ್ತದೆ. ಭೂಮಿಯ ಕಾಗದ ಉರ್ದುವಿನಲ್ಲಿ, ಸಾಲದ ಚೀಟಿ ಮೋಡಿ ಲಿಪಿಯಲ್ಲಿ, ಮನೆಯ ಲೆಕ್ಕ ಕನ್ನಡದಲ್ಲಿ, ಆಮೇಲಿನ ರಶೀದಿ ತೆಲುಗಿನಲ್ಲಿ. ಮುತ್ತಜ್ಜನ ಕಾಗದವನ್ನು ಮರಿಮಗನು ಓದಲಾರ. ಓದಲಾಗದ್ದು ರದ್ದಿಯ ಅಂಗಡಿಗೆ ಹೋಗುತ್ತದೆ. ನಾವು ವಹಿಗಳನ್ನು ಕಿಲೋ ಲೆಕ್ಕದಲ್ಲಿ ತೂಗುವುದನ್ನು ಕಂಡಿದ್ದೇವೆ. ಉರ್ದು ಮುದ್ರೆಯಿದ್ದ ಹಾಳೆಯಲ್ಲಿ ಕಟ್ಟಿಕೊಟ್ಟ ಒಣಮೆಣಸಿನಕಾಯಿಯನ್ನು ಮನೆಗೂ ತಂದಿದ್ದೇವೆ.

ಅದರಿಂದಾಗುವ ನಷ್ಟ ಕೇವಲ ಚರಿತ್ರೆಕಾರರದಲ್ಲ. 1954-55ನೆಯ ಸಾಲಿನ ಖಾಸ್ರಾ ಪಹಣಿ ಎಂಬ ಹೆಸರನ್ನು ನಿಮ್ಮ ಮನೆಗಳಲ್ಲಿ ಕೇಳಿರುತ್ತೀರಿ. ತೆಲಂಗಾಣದಲ್ಲಿ ಹೊಲದ ತಕರಾರು ಬಂದರೆ ಇಂದಿಗೂ ಎಲ್ಲರೂ ಹುಡುಕುವ ದಾಖಲೆ ಅದು. ಎಪ್ಪತ್ತು ವರ್ಷದ ಹಿಂದೆ ಯಾರ ಹೆಸರಿನಲ್ಲಿ ಎಷ್ಟು ಎಕರೆ, ಯಾರು ಉಳುತ್ತಿದ್ದರು ಎಂಬುದು ಅದರಲ್ಲಿದೆ. ಪುಟ ಹರಿದಿದ್ದರೆ ಒಂದು ಸಂಸಾರದ ಅನ್ನಕ್ಕೇ ಸಂಚಕಾರ. ಹಳೆಯ ಕಾಗದಗಳಲ್ಲಿ ಇಸವಿಗೆ ಬದಲು ಫಸಲಿ ಎಂದು ಬರೆದಿರುತ್ತಾರೆ. ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ: ಫಸಲಿ 1340 ಎಂದರೆ 1930-31.

ಮನೆಯ ಪತ್ರಗಳ ವಿಷಯದಲ್ಲಿ ನಮ್ಮ ಪದ್ಧತಿಗಳೇ ಕೆಲವು ಅಡ್ಡಬಂದಿವೆ. ಸಾವಿನ ಸುದ್ದಿಯ ಕಾರ್ಡಿನ ಮೂಲೆ ಹರಿದು ಕಳಿಸುತ್ತಿದ್ದರು. ಓದಿದೊಡನೆ ಅದನ್ನು ಹರಿದು ಹೊರಗೆ ಎಸೆಯಬೇಕು, ಮನೆಯಲ್ಲಿ ಇಡಬಾರದು. ಹೀಗಾಗಿ ನಮ್ಮ ಮನೆಗಳಲ್ಲಿ ಮದುವೆಯ ಕರೆಯೋಲೆಗಳು ಸಿಗುತ್ತವೆ, ಅಜ್ಜ ಅಜ್ಜಿಯರು ಯಾವ ದಿನ ತೀರಿದರೆಂಬ ಕಾಗದ ಸಿಗುವುದಿಲ್ಲ. ಉಳಿದ ಕಾಗದಗಳನ್ನು ಬಾಗಿಸಿದ ಕಬ್ಬಿಣದ ತಂತಿಗೆ ಚುಚ್ಚಿ ತೊಲೆಗೆ ತೂಗುಹಾಕುತ್ತಿದ್ದರು. ಕ್ರಮವೇನೋ ಚೆನ್ನಾಗಿಯೇ ಇತ್ತು, ಹಳೆಯದು ಕೆಳಗೆ, ಹೊಸದು ಮೇಲೆ. ಪತ್ರಾಗಾರದವರು ಮೆಚ್ಚುವಂಥ ಕ್ರಮ. ಆದರೆ ತುಕ್ಕು ಮತ್ತು ಅಡಿಗೆಮನೆಯ ಹೊಗೆ ಎರಡೂ ಸೇರಿ ನಡುವಿನ ಅಕ್ಷರಗಳನ್ನು ತಿಂದುಬಿಟ್ಟವು.

ಈ ವರ್ಷ ನಮ್ಮ ಒಂಬತ್ತನೆಯ ತರಗತಿಯವರಿಗೆ ಮನೆಯಲ್ಲಿರುವ ಹಳೆಯ ಕಾಗದಗಳ ಪಟ್ಟಿ ತರಲು ಹೇಳಿದ್ದೆವು. ಕಾಗದವನ್ನು ತರಬೇಡಿ, ಪಟ್ಟಿಯನ್ನು ಮಾತ್ರ ತನ್ನಿ ಎಂದೂ ಹೇಳಿದ್ದೆವು. ಬಂದವುಗಳಲ್ಲಿ ಉರ್ದುವಿನ ಪಟ್ಟಾ, ನೇಯ್ಗೆಯ ನೂಲು ಕೊಟ್ಟ ಲೆಕ್ಕದ ವಹಿ, ರಾಯಚೂರಿನ ಸೋದರಮಾವ ಬರೆದ ಕಾರ್ಡುಗಳು, ಬರಗಾಲದಲ್ಲಿ ಮುಂಬಯಿಗೆ ದುಡಿಯಲು ಹೋದ ತಂದೆಯ ಮನಿಯಾರ್ಡರಿನ ತುಂಡುಗಳು ಇವೆ. ಆ ತುಂಡುಗಳ ಕೆಳಭಾಗದಲ್ಲಿ ನಾಲ್ಕು ಸಾಲು ಬರೆಯುವಷ್ಟೇ ಜಾಗವಿರುತ್ತಿತ್ತು. ಮಳೆ ಬಂತೆ, ಎಮ್ಮೆ ಈಯಿತೆ, ಹುಡುಗ ಶಾಲೆಗೆ ಹೋಗುತ್ತಾನೆಯೆ ಎಂದು ಕೇಳಿದ್ದಾರೆ.

ಪಟ್ಟಿ ಮಾಡುವ ಉಳಿದವರಿಗೆ ಕೆಲವು ಸೂಚನೆಗಳು. ಹಾಳೆಗೆ ಪೆನ್ನು ಮುಟ್ಟಿಸಬಾರದು. ಏನಾದರೂ ಬರೆಯಲೇಬೇಕಾದರೆ ಬೆನ್ನಿಗೆ, ಮೂಲೆಯಲ್ಲಿ, ಮೆತ್ತನೆಯ ಪೆನ್ಸಿಲಿನಿಂದ. ಹರಿದುದಕ್ಕೆ ಸೆಲೋಟೇಪು ಹಚ್ಚಬಾರದು. ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಅಕ್ಷರವನ್ನು ಕೆಡಿಸುತ್ತದೆ. ಗುಂಡುಸೂಜಿ, ತಂತಿ ತೆಗೆಯುವಾಗ ಎಳೆಯದೆ ಸಾವಕಾಶವಾಗಿ ಬಿಡಿಸಬೇಕು. ಬಿಡಿಸಿದ ಮೇಲೂ ಅದೇ ಕ್ರಮದಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲ ಬೇಡ, ಮಳೆಗಾಲದಲ್ಲಿ ಒಳಗೆ ಬೆವರುತ್ತದೆ. ತೊಳೆದ ಬಿಳಿ ಹತ್ತಿ ಬಟ್ಟೆ ಸಾಕು. ಪೆಟ್ಟಿಗೆಯನ್ನು ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆಯ ಮೇಲಿಟ್ಟರೆ ಗೆದ್ದಲು ಹತ್ತುವುದು ಕಣ್ಣಿಗೆ ಬೀಳುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಆದರೆ ಚಿತ್ರ ತೆಗೆದೆವೆಂದು ಮೂಲವನ್ನು ಎಸೆಯಬೇಡಿರಿ. ಉರ್ದುವಿನ ಕಾಗದಗಳಿದ್ದವರು, ನಮ್ಮ ಊರಿನ ಹಿರಿಯರಲ್ಲಿ ಉರ್ದು ಶಾಲೆ ಓದಿದವರು ಇನ್ನೂ ಕೆಲವರಿದ್ದಾರೆ, ಅವರ ಬಳಿಗೆ ಒಯ್ದು ಓದಿಸಿ ಕನ್ನಡದಲ್ಲಿ ಬರೆದುಕೊಳ್ಳಿರಿ. ಬೇಸಿಗೆ ರಜೆಯಲ್ಲಿ, ಬೆಳಗಿನ ಹೊತ್ತು ಹೋದರೆ ಅವರಿಗೆ ಬಿಡುವಿರುತ್ತದೆ.